ಅಪ್ಪನ ಲೆಕ್ಕ, ಭಾವನ ಹಳೇ ಕಂಪ್ಯೂಟರ್

ಸಂಘದ ವಾರ್ಷಿಕ ಸಂಚಿಕೆ ಕೈಗೆ ಬಂದ ಕೂಡಲೇ 'ಮದ್ದಿನ ಚೀಟಿ' ಅಂಕಣವನ್ನು ತೆಗೆದು ಓದುವವರು ಕೆಲವರಿದ್ದಾರೆ ಎಂದು ಸಂಪಾದಕರು ಹೇಳುತ್ತಾರೆ. ಪೂರ್ತಿ ನಂಬಿಕೆ ಬಾರದಿದ್ದರೂ ಅವರ ಮಾತಿಗೆ ಮರ್ಯಾದೆ ಕೊಟ್ಟು ನಾವು ವರ್ಷಕ್ಕೊಮ್ಮೆ ಏನಾದರೂ ಬರೆಯುತ್ತೇವೆ. ಹೋದ ವರ್ಷ ಊರಿಗೆ ಹೋಗುವಾಗ ಬಿ.ಪಿ., ಶುಗರ್ ಮಾತ್ರೆಗಳನ್ನು ಹೇಗೆ ಕಟ್ಟಿಕೊಳ್ಳಬೇಕು ಎಂದು ಬರೆದಿದ್ದೆವು. ಈ ಸಲ ಮಾತ್ರೆಯ ವಿಷಯ ಅಲ್ಲ. ಹಳೇ ಕಂಪ್ಯೂಟರಿನಲ್ಲಿ ಉಳಿದುಹೋಗಿದ್ದ ಇ-ಮೇಲ್‌ಗಳನ್ನು ಹೊಸದಕ್ಕೆ ಸಾಗಿಸಿದ ಕಥೆ. ಆಸ್ಪತ್ರೆಯ ಔಷಧಿ ಸ್ಟೋರಿನಲ್ಲಿ ಕಲಿತ ಬುದ್ಧಿ ಅದಕ್ಕೂ ಉಪಯೋಗಕ್ಕೆ ಬಂತು, ಹಾಗಾಗಿ ಈ ಅಂಕಣಕ್ಕೆ ಹೊರಗಿನದ್ದೇನೂ ಅಲ್ಲ.

ನಮ್ಮ ಅಕ್ಕ, ಭಾವ ಇರುವುದು ಅಮೆರಿಕದ ನ್ಯೂಜೆರ್ಸಿಯ ಐಸೆಲಿನ್‌ನಲ್ಲಿ. ಈ ಜೂನಿನಲ್ಲಿ ಮೂರು ವಾರ ರಜೆ ಹಾಕಿ ಮಸ್ಕತ್ತಿನಿಂದ ನಾವೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿದ್ದೆವು. ಐಸೆಲಿನ್ ದೊಡ್ಡ ನಗರವೇನೂ ಅಲ್ಲ. ಮಿಡ್ಲ್‌ಸೆಕ್ಸ್ ಕೌಂಟಿಯ ವುಡ್‌ಬ್ರಿಜ್ ಟೌನ್‌ಶಿಪ್ಪಿಗೆ ಸೇರಿದ ಒಂದು ಊರು. ಅಲ್ಲಿನ ಮೆಟ್ರೊಪಾರ್ಕ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ನೇರ ನ್ಯೂಯಾರ್ಕಿನ ಪೆನ್ ಸ್ಟೇಷನ್. ಓಕ್ ಟ್ರೀ ರೋಡಿನಲ್ಲಿ ಸಂಜೆ ನಡೆಯಲು ಹೊರಟರೆ ಸೀರೆ ಅಂಗಡಿ, ಚಿನ್ನದ ಅಂಗಡಿ, ದೋಸೆ ಹೋಟೆಲು, ಮಿಠಾಯಿ ಅಂಗಡಿ. ಪಕ್ಕದ ಎಡಿಸನ್ ಊರಿನವರೆಗೂ ಅದೇ ಸಾಲು. ಮಸ್ಕತ್ತಿನ ರೂವಿಯಲ್ಲೇ ಇದ್ದೇವೋ ಏನೋ ಎಂದು ನಮ್ಮ ಮನೆಯವರು ನಕ್ಕರು. ವ್ಯತ್ಯಾಸ ಇಷ್ಟೇ, ಅಲ್ಲಿ ಜೂನಿನಲ್ಲಿಯೂ ಹೊರಗೆ ಉಸಿರಾಡಬಹುದು.

ಹೋದ ನಾಲ್ಕನೇ ದಿನ ಊಟದ ಹೊತ್ತಿಗೆ ಊರಿನ ವಿಷಯ ಬಂತು. ಬಂಟ್ವಾಳ ತಾಲೂಕಿನಲ್ಲಿ ನಮ್ಮ ಅಪ್ಪನ ಮನೆ, ಸ್ವಲ್ಪ ಅಡಿಕೆ ತೋಟ, ಒಂದು ಬಾವಿ ಉಂಟು. ಅಪ್ಪ ಅಮ್ಮ ಇಬ್ಬರೂ ಈಗ ಇಲ್ಲ. ತೋಟ ನೋಡಿಕೊಳ್ಳುವುದು ತಮ್ಮ. ಪಾಲುಪಟ್ಟಿ ಮಾಡಿಸೋಣ, ಮನೆ ಮತ್ತು ಬಾವಿ ಇರುವ ಜಾಗ ನನ್ನ ಹೆಸರಿಗೆ ಬಂದರೆ ಒಳ್ಳೆಯದು ಎಂದು ಅವನು ಎರಡು ತಿಂಗಳ ಹಿಂದೆ ಫೋನಿನಲ್ಲಿ ಕೇಳಿದ್ದ. ನಾವು ಹೂಂ ಎಂದೂ ಹೇಳಿರಲಿಲ್ಲ, ಊಹೂಂ ಎಂದೂ ಹೇಳಿರಲಿಲ್ಲ.

"ಕೊಡುವುದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಆ ಬಾವಿ ನಿಮ್ಮ ಭಾವನ ದುಡ್ಡಿನದ್ದು. ಅದನ್ನು ಯಾರಾದರೂ ನೆನೆಸಬೇಕಲ್ಲ" ಎಂದಳು ಅಕ್ಕ.

ನಮಗೆ ಅನ್ನ ಗಂಟಲಲ್ಲಿ ನಿಂತ ಹಾಗಾಯಿತು. ಯಾಕೆಂದರೆ ನಮ್ಮ ನೆನಪಿನಲ್ಲಿ ಆ ಬಾವಿ ನಮ್ಮ ದುಡ್ಡಿನದ್ದು. 2004ರಲ್ಲಿ ಮಸ್ಕತ್ತಿನಲ್ಲಿ ಆರು ಜನರ ರೂಮಿನಲ್ಲಿ ಮಲಗಿ, ಓವರ್‌ಟೈಮ್ ಮಾಡಿ ಕಳಿಸಿದ ದುಡ್ಡು. "ಅಕ್ಕಾ, ಅದು ನಾನು ಕಳಿಸಿದ್ದು" ಎಂದೆವು. ಅಕ್ಕ ಸುಮ್ಮನಾದಳು. ಆ ಸುಮ್ಮನಾಗುವಿಕೆ ಒಳ್ಳೆಯದಲ್ಲ ಎಂದು ಅವಳ ಜೊತೆ ಬೆಳೆದ ನಮಗೆ ಗೊತ್ತು. ಭಾವ ಮೊಸರಿನ ಪಾತ್ರೆ ಮುಂದೆ ತಳ್ಳಿ, "ಮಾವ ತಿಂಗಳು ತಿಂಗಳು ಲೆಕ್ಕ ಬರೆದು ಇ-ಮೇಲ್ ಮಾಡಿಸುತ್ತಿದ್ದರಲ್ಲ, ಅದರಲ್ಲಿ ಇರಬೇಕು" ಎಂದರು.

ಹೌದು, ಅಪ್ಪ ಬರೆಯುತ್ತಿದ್ದರು. ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟ್ರು. ಕಂಪ್ಯೂಟರ್ ಮುಟ್ಟಿದವರಲ್ಲ. ಕಾಗದದಲ್ಲಿ ಬರೆದು ತಮ್ಮನ ಕೈಗೆ ಕೊಡುತ್ತಿದ್ದರು. ಅವನು ಶನಿವಾರ ಬಿ.ಸಿ.ರೋಡಿನ ಸೈಬರ್ ಅಂಗಡಿಗೆ ಹೋಗಿ ಕನ್ನಡದಲ್ಲಿ ಟೈಪ್ ಮಾಡಿ ಒಂದು ಪ್ರತಿ ನಮಗೆ, ಒಂದು ಪ್ರತಿ ಅಕ್ಕ ಭಾವನಿಗೆ ಕಳಿಸುತ್ತಿದ್ದ. ನಮ್ಮ ಪ್ರತಿ ಈಗ ಇಲ್ಲ. ಆಗಿನ ಕಾಲದ ನಮ್ಮ ಉಚಿತ ಇ-ಮೇಲ್ ಪೆಟ್ಟಿಗೆಯಲ್ಲಿ ಒಟ್ಟು ಜಾಗವೇ 2 ಎಂಬಿ. ಒಂದೆರಡು ಫೋಟೋ ಬಂದರೆ ಪೆಟ್ಟಿಗೆ ತುಂಬಿ ಮುಂದಿನ ಪತ್ರ ವಾಪಸು ಹೋಗುತ್ತಿತ್ತು. 2004ರ ಏಪ್ರಿಲ್ 1ರಂದು ಗೂಗಲ್‌ನವರು 1 ಜಿಬಿ ಜಾಗದ ಜಿಮೇಲ್ ಘೋಷಿಸಿದಾಗ ಏಪ್ರಿಲ್ ಫೂಲ್ ಇರಬೇಕು ಎಂದು ಹಲವರು ಅಂದುಕೊಂಡದ್ದು ಸುಮ್ಮನೆ ಅಲ್ಲ. ನಮ್ಮ ಕೈಗೆ ಅದು ಬರುವಷ್ಟರಲ್ಲಿ ಅಪ್ಪನ ಪತ್ರಗಳನ್ನು ಓದಿ, ಅಳಿಸಿ, ಜಾಗ ಮಾಡಿಕೊಂಡು ಆಗಿತ್ತು. ಸಂಬಳದ ದಿನ ಪೆಟ್ಟಿಗೆ ಗುಡಿಸುವುದು ನಮ್ಮ ಕ್ರಮ.

ಭಾವನದ್ದು ಹಾಗಲ್ಲ. ಅವರಿಗೆ ಮನೆಗೆ ಇಂಟರ್‌ನೆಟ್ ಕೊಟ್ಟ ಕಂಪನಿಯ ಇ-ಮೇಲ್ ಇತ್ತು. ಆ ಪತ್ರಗಳೆಲ್ಲ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ತಂತ್ರಾಂಶದ ಮೂಲಕ ಅವರ ಕಂಪ್ಯೂಟರಿಗೇ ಇಳಿಯುತ್ತಿದ್ದವು. ಆ ಕಂಪ್ಯೂಟರ್ ಈಗ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿತ್ತು. ನ್ಯೂಜೆರ್ಸಿಯಲ್ಲಿ 2011ರಿಂದ ಕಂಪ್ಯೂಟರನ್ನು ಮನೆಯ ಕಸದ ಜೊತೆ ಎಸೆಯುವಂತಿಲ್ಲ, ಹಳೇ ಎಲೆಕ್ಟ್ರಾನಿಕ್ ಸಾಮಾನು ತೆಗೆದುಕೊಳ್ಳುವ ಜಾಗಕ್ಕೆ ಒಯ್ದು ಕೊಡಬೇಕು. ಒಯ್ಯಲು ಭಾವನಿಗೆ ಉದಾಸೀನ. ಆ ಉದಾಸೀನದಿಂದಲೇ ಪತ್ರಗಳು ಉಳಿದವು ಎನ್ನಬೇಕು. ಈ ವಾರ ಹೊಸ ಲ್ಯಾಪ್‌ಟಾಪ್ ಬಂದಿತ್ತು, ಹಳೆಯದನ್ನು ಶನಿವಾರ ಒಯ್ಯುತ್ತೇನೆ ಎಂದು ಮಗ ಹೇಳಿಯೂ ಆಗಿತ್ತು.

"ಶನಿವಾರ ಬೇಡ. ಮೊದಲು ತೆರೆದು ನೋಡೋಣ" ಎಂದೆವು.

ಇಲ್ಲಿ ಸ್ವಲ್ಪ ಕೆಲಸದ ಮಾತು. ಇ-ಮೇಲ್ ಇಡುವುದರಲ್ಲಿ ಎರಡು ಕ್ರಮ ಉಂಟು. ಪಾಪ್ ಎಂಬುದು ಒಂದು. ಪತ್ರ ಕಂಪನಿಯ ಸರ್ವರಿನಿಂದ ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಪ್ರತಿ ಅಲ್ಲೇ ಇರಲಿ ಎಂದು ನೀವು ಹೇಳದಿದ್ದರೆ ಸರ್ವರಿನಿಂದ ಅಳಿಯುತ್ತದೆ. ಅಂಚೆಯವನು ಕಾಗದ ಕೊಟ್ಟು ಹೋದ ಹಾಗೆ, ಮತ್ತೆ ಪೋಸ್ಟಾಫೀಸಿನಲ್ಲಿ ಕೇಳಿ ಫಲವಿಲ್ಲ. ಐಮ್ಯಾಪ್ ಎಂಬುದು ಇನ್ನೊಂದು. ಪತ್ರ ಸರ್ವರಿನಲ್ಲೇ ಇರುತ್ತದೆ, ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ನೀವು ನೋಡುವುದು ಅದನ್ನೇ. ನಿಮ್ಮದು ಐಮ್ಯಾಪ್ ಆದರೆ ಹೊಸ ಕಂಪ್ಯೂಟರಿನಲ್ಲಿ ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಪತ್ರಗಳು ತಾವಾಗಿ ಕಾಣುತ್ತವೆ. ಪಾಪ್ ಆದರೆ, ಹಳೇ ಕಂಪ್ಯೂಟರ್ ಹೋದರೆ ಪತ್ರವೂ ಹೋಯಿತು. ಭಾವನದ್ದು ಪಾಪ್.

ಆಸ್ಪತ್ರೆಯಲ್ಲಿ ಹಳೇ ಸ್ಟೋರಿನಿಂದ ಹೊಸ ಸ್ಟೋರಿಗೆ ಔಷಧಿ ಸಾಗಿಸುವುದನ್ನು ನಾವು ಎರಡು ಸಲ ಮಾಡಿದ್ದೇವೆ. ಅದರ ನಿಯಮ ಸರಳ. ಕಪಾಟು, ರಾಕು, ಅಂಟಿಸಿದ ಹೆಸರುಚೀಟಿ ಇವೆಲ್ಲ ಹೊಸದಾಗಿ ಮಾಡಿಕೊಳ್ಳಬಹುದು. ಔಷಧಿಯನ್ನು ಮಾತ್ರ ಎಣಿಸಿ ಒಯ್ಯಬೇಕು. ಅಲ್ಲಿ ಎಷ್ಟಿತ್ತು ಎಂದು ಬರೆದು, ಇಲ್ಲಿ ಎಷ್ಟು ಬಂತು ಎಂದು ಬರೆದು, ಎರಡೂ ತಾಳೆಯಾಗಿ ಇಬ್ಬರ ಸಹಿ ಬೀಳುವವರೆಗೆ ಹಳೇ ಸ್ಟೋರಿನ ಬೀಗದ ಕೈ ವಾಪಸು ಕೊಡುವಂತಿಲ್ಲ. ಇ-ಮೇಲ್‌ಗೂ ಅದೇ. ಸರ್ವರಿನ ಹೆಸರು, ಪೋರ್ಟ್ ನಂಬರ್, ಸಹಿಯ ಸಾಲು ಇವೆಲ್ಲ ಕಪಾಟಿನ ಹಾಗೆ. ಪತ್ರಗಳು ಔಷಧಿಯ ಹಾಗೆ. ಭಾವ ಲೆಕ್ಕಪತ್ರದ ಕೆಲಸದಲ್ಲಿ ನಿವೃತ್ತರಾದವರು, ಈ ಮಾತು ಕೂಡಲೇ ಹಿಡಿದರು. ಒಂದು ನೋಟ್‌ಬುಕ್ ತಂದು ಗೆರೆ ಎಳೆದು ಕೂತರು.

ಹಳೇ ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಮೈಕ್ರೋಸಾಫ್ಟ್‌ನವರು 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿದ್ದಾರೆ. ಹಾಗಾಗಿ ಅದನ್ನು ಇಂಟರ್‌ನೆಟ್ಟಿಗೆ ಸೇರಿಸಲಿಲ್ಲ. ಬೇಕಾದ್ದನ್ನೆಲ್ಲ ಹೊಸ ಲ್ಯಾಪ್‌ಟಾಪಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಒಯ್ದೆವು. ಸ್ವಿಚ್ ಹಾಕಿದಾಗ ಮಿಲ್ಲಿನ ಹಾಗೆ ಸದ್ದು ಮಾಡಿ ಎದ್ದಿತು. ಮೊದಲು ಎಣಿಕೆ. ಔಟ್‌ಲುಕ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದೊಂದು ಫೋಲ್ಡರ್ ಒತ್ತಿದರೆ ಕೆಳಗೆ ಎಷ್ಟು ಪತ್ರ ಎಂದು ಕಾಣುತ್ತದೆ. ಭಾವ ಬರೆದುಕೊಂಡರು. ಒಟ್ಟು 1,340.

ಆಮೇಲೆ ನಾವು ಮಾಡಿದ್ದು ಒಂದು ತಪ್ಪು. ಔಟ್‌ಲುಕ್ ಎಕ್ಸ್‌ಪ್ರೆಸ್ ಒಂದೊಂದು ಫೋಲ್ಡರಿಗೆ ಒಂದೊಂದು ಫೈಲ್ ಇಡುತ್ತದೆ, ಅದರ ಬಾಲ ಡಿಬಿಎಕ್ಸ್. ಆಯ್ಕೆಗಳಲ್ಲಿ ಮೆಂಟೆನೆನ್ಸ್ ಎಂಬ ಪುಟದಲ್ಲಿ ಸ್ಟೋರ್ ಫೋಲ್ಡರ್ ಒತ್ತಿದರೆ ಅವು ಎಲ್ಲಿವೆ ಎಂದು ತೋರಿಸುತ್ತದೆ. ಅವನ್ನು ಪೆನ್‌ಡ್ರೈವಿಗೆ ತುಂಬಿ ಹೊಸ ಲ್ಯಾಪ್‌ಟಾಪಿಗೆ ಹಾಕಿದೆವು. ಹೊಸದಕ್ಕೆ ಅದು ಏನೆಂದೇ ಗೊತ್ತಿಲ್ಲ. ಔಟ್‌ಲುಕ್ ಎಕ್ಸ್‌ಪ್ರೆಸ್ ಎಕ್ಸ್‌ಪಿಯ ಜೊತೆಗೇ ಮುಗಿದ ಸಾಮಾನು, ಮುಂದಿನ ವಿಂಡೋಸ್‌ಗಳಲ್ಲಿ ಅದು ಬರಲಿಲ್ಲ. ಖಾತೆಯ ಸೆಟ್ಟಿಂಗನ್ನು ಹೊರಗೆ ತೆಗೆದರೆ ಐಎಎಫ್ ಎಂಬ ಫೈಲ್ ಸಿಗುತ್ತದೆ. ಹೊಸ ತಂತ್ರಾಂಶಕ್ಕೆ ಅದೂ ಬೇಡ. ಬೇಕಾಗಿಯೂ ಇರಲಿಲ್ಲ, ಆ ಇಂಟರ್‌ನೆಟ್ ಕಂಪನಿಯನ್ನು ಭಾವ ಬಿಟ್ಟು ಎಷ್ಟೋ ವರ್ಷ ಆಗಿತ್ತು.

ದಾರಿ ಸಿಕ್ಕಿದ್ದು ಹೀಗೆ. ಥಂಡರ್‌ಬರ್ಡ್ ಎಂಬ ಉಚಿತ ಇ-ಮೇಲ್ ತಂತ್ರಾಂಶ 2004ರಿಂದ ಇದೆ, ಇಂದಿಗೂ ಬರುತ್ತಿದೆ. ಅದರ 52ನೇ ಆವೃತ್ತಿ ಎಕ್ಸ್‌ಪಿಗೆ ಒಗ್ಗುವ ಕೊನೆಯದು. ಅದನ್ನು ಹಳೇ ಕಂಪ್ಯೂಟರಿನಲ್ಲೇ ಹಾಕಿ, ಟೂಲ್ಸ್ ಪಟ್ಟಿಯಲ್ಲಿ ಇಂಪೋರ್ಟ್ ಒತ್ತಿ, ಔಟ್‌ಲುಕ್ ಎಕ್ಸ್‌ಪ್ರೆಸ್ ಎಂದು ಹೇಳಿದರೆ, ಹಳೆಯ ಭಾಷೆ ಬಲ್ಲವನು ಹಳೇ ಮನೆಯಲ್ಲೇ ಕೂತು ಅನುವಾದ ಮಾಡಿಕೊಟ್ಟ ಹಾಗೆ ಪತ್ರಗಳನ್ನು ಎಂಬಾಕ್ಸ್ ಎಂಬ ಸಾದಾ ರೂಪಕ್ಕೆ ತರುತ್ತದೆ. ಈ ಎಂಬಾಕ್ಸ್ ಫೈಲಿಗೆ ಬಾಲ ಇಲ್ಲ. ಜೊತೆಗೆ ಎಂಎಸ್‌ಎಫ್ ಬಾಲದ ಒಂದು ಸಣ್ಣ ಫೈಲ್ ಇರುತ್ತದೆ. ಅದು ಬರೀ ವಿಷಯಸೂಚಿ, ಬಿಟ್ಟರೂ ತೊಂದರೆ ಇಲ್ಲ. ಬಾಲವಿಲ್ಲದ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತಂದು, ಹೊಸ ಲ್ಯಾಪ್‌ಟಾಪಿನ ಥಂಡರ್‌ಬರ್ಡ್ ಮುಚ್ಚಿದ್ದಾಗ ಅದರ ಪ್ರೊಫೈಲ್ ಫೋಲ್ಡರಿನ ಒಳಗೆ ಮೇಲ್, ಅದರೊಳಗೆ ಲೋಕಲ್ ಫೋಲ್ಡರ್ಸ್ ಎಂಬಲ್ಲಿ ಹಾಕಿ, ಮತ್ತೆ ತೆರೆದರೆ ಪತ್ರಗಳು ಕಾಣುತ್ತವೆ.

ಕಂಡವು. ಅಕ್ಕ ಕಾಫಿ ತಂದಳು. ಭಾವ ಎಣಿಸಿದರು. 1,128.

"212 ಕಡಿಮೆ" ಎಂದರು ಭಾವ.

"ಅಷ್ಟು ಹೋದರೆ ಏನಾಯ್ತು, ಸಾವಿರ ಬಂತಲ್ಲ" ಎಂದ ಮಗ. ಅವನ ವಯಸ್ಸಿಗೆ ಅದು ಸರಿಯೇ. ಆದರೆ ಸ್ಟೋರಿನಲ್ಲಿ 212 ಇಂಜೆಕ್ಷನ್ ಕಡಿಮೆ ಬಂದರೆ ನಾವು ಮನೆಗೆ ಹೋಗುವ ಹಾಗಿಲ್ಲ. ಭಾವನ ನೋಟ್‌ಬುಕ್ ತೆಗೆದು ಒಂದೊಂದೇ ಫೋಲ್ಡರ್ ತಾಳೆ ನೋಡಿದೆವು. ಕಾಣೆಯಾದದ್ದು ಒಂದೇ ಫೋಲ್ಡರ್, ಇನ್‌ಬಾಕ್ಸಿನ ಒಳಗೆ ಭಾವ ಮಾಡಿಟ್ಟಿದ್ದ 'ಊರು'. ಅಪ್ಪನ ಪತ್ರಗಳೆಲ್ಲ ಅದರಲ್ಲೇ. ಒಳಗಿನ ಫೋಲ್ಡರುಗಳನ್ನು ಥಂಡರ್‌ಬರ್ಡ್ ಎಸ್‌ಬಿಡಿ ಎಂಬ ಬಾಲದ ಬೇರೆ ಪೆಟ್ಟಿಗೆಯಲ್ಲಿ ಇಡುತ್ತದೆ. ಬಾಲವಿಲ್ಲದ್ದನ್ನು ಮಾತ್ರ ಆರಿಸಿದ ನಾವು ಅದನ್ನು ಅಲ್ಲೇ ಬಿಟ್ಟು ಬಂದಿದ್ದೆವು. ಎಣಿಸದಿದ್ದರೆ ಶನಿವಾರ ಹಳೇ ಕಂಪ್ಯೂಟರ್ ಹೋಗುತ್ತಿತ್ತು, ಅದರ ಜೊತೆಗೆ 212 ಪತ್ರ. ಮತ್ತೆ ಕೆಳಗೆ ಹೋಗಿ ಆ ಪೆಟ್ಟಿಗೆಯನ್ನೂ ತಂದೆವು. 1,340 ತಾಳೆಯಾಯಿತು.

ಆದರೆ 'ಊರು' ತೆರೆದಾಗ ಕಂಡದ್ದು ಕನ್ನಡ ಅಲ್ಲ. ಯೂರೋಪಿನ ಯಾವುದೋ ಭಾಷೆಯ ಅಕ್ಷರಗಳು, ತಲೆಯ ಮೇಲೆ ಚುಕ್ಕೆ, ಗೆರೆ, ಟೊಪ್ಪಿ. ಪುಟಗಟ್ಟಲೆ ಹಾಗೇ. ಅಕ್ಕ ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು. "ಹಾಳಾಗಿದೆ, ಬಿಡು" ಎಂದು ಎದ್ದು ಹೋದಳು. ಅವಳ ದನಿಯಲ್ಲಿ ಬಾವಿಯ ವಿಷಯ ಇರಲಿಲ್ಲ, ಅಪ್ಪನ ವಿಷಯ ಇತ್ತು.

ಆ ಸಂಜೆ ಭಾವ ನಮ್ಮನ್ನು ಕಾರಿನಲ್ಲಿ ಹತ್ತಿರದ ಮೆನ್ಲೊ ಪಾರ್ಕಿಗೆ ಕರೆದುಕೊಂಡು ಹೋದರು. ಥಾಮಸ್ ಎಡಿಸನ್ ಅವರ ಪ್ರಯೋಗಶಾಲೆ ಇದ್ದ ಜಾಗ. ಪಕ್ಕದ ಊರಿಗೆ ಎಡಿಸನ್ ಎಂಬ ಹೆಸರು ಬಂದದ್ದೂ ಅವರಿಂದಲೇ. 1938ರಲ್ಲಿ ಉದ್ಘಾಟನೆಯಾದ ಎತ್ತರದ ಕಾಂಕ್ರೀಟ್ ಗೋಪುರ, ತುದಿಯಲ್ಲಿ ಭಾರಿ ಗಾತ್ರದ ಬಲ್ಬು. ಬಲ್ಬಿಗಿಂತ ಮೊದಲೇ, 1877ರಲ್ಲಿ, ಎಡಿಸನ್ ಅಲ್ಲಿ ಫೋನೋಗ್ರಾಫ್ ಮಾಡಿದ್ದರು. ತವರದ ತೆಳು ಹಾಳೆಯ ಮೇಲೆ ಸೂಜಿಯಿಂದ ದನಿಯ ಗೆರೆ ಮೂಡಿಸುವುದು. ಆ ಹಾಳೆಯನ್ನು ಕೆಲವೇ ಸಲ ನುಡಿಸಬಹುದು, ಆಮೇಲೆ ಸವೆಯುತ್ತದೆ, ಹರಿಯುತ್ತದೆ. 1878ರಲ್ಲಿ ಸೇಂಟ್ ಲೂಯಿಸ್ ಊರಿನಲ್ಲಿ ದನಿ ಮೂಡಿಸಿದ ಅಂತಹ ಒಂದು ಹಾಳೆ ಸುಕ್ಕಾಗಿ, ನುಡಿಸುವ ಸ್ಥಿತಿಯಲ್ಲಿ ಇರಲಿಲ್ಲ. ಬರ್ಕ್ಲಿ ಪ್ರಯೋಗಾಲಯದವರು ಸೂಜಿ ಮುಟ್ಟಿಸದೆ ಬೆಳಕಿನಿಂದ ಅದರ ಗೆರೆಗಳನ್ನು ಅಳೆದು, 2012ರಲ್ಲಿ ಅದರ ದನಿಯನ್ನು ಮತ್ತೆ ಕೇಳಿಸಿದರು. ಭಾವ ಇದನ್ನು ಹೇಳುತ್ತಿದ್ದಾಗ ನಮಗೆ ನಮ್ಮ ಕೆಲಸ ನೆನಪಾಯಿತು. ಡಾಕ್ಟರರ ಅಕ್ಷರ ಓದಲು ಆಗದಿದ್ದರೆ ಚೀಟಿ ಹಾಳಾಗಿದೆ ಎಂದು ನಾವು ಹರಿಯುತ್ತೇವೆಯೇ? ಯಾವ ಡಾಕ್ಟರು ಬರೆದದ್ದು ಎಂದು ಮೊದಲು ನೋಡುತ್ತೇವೆ. ಅಪ್ಪನ ಪತ್ರವನ್ನು ತಮ್ಮ ಯಾವುದರಲ್ಲಿ ಟೈಪ್ ಮಾಡುತ್ತಿದ್ದ?

ಬರಹ. ನಮ್ಮ ವಯಸ್ಸಿನವರಿಗೆಲ್ಲ ನೆನಪಿರಬಹುದು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ಕನ್ನಡ ತಂತ್ರಾಂಶ. ಅದರ ಜೊತೆಗೆ ಕನ್ನಡ ಗಣಕ ಪರಿಷತ್ತಿನ ನುಡಿ. ಆ ಕಾಲದ ಬಹುಪಾಲು ಕನ್ನಡ ಬೆರಳಚ್ಚು ಈ ಎರಡರಲ್ಲೇ ಆಗುತ್ತಿತ್ತು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೆ ವಿಂಡೋಸಿನಲ್ಲಿ ಕನ್ನಡಕ್ಕೆಂದು ತುಂಗಾ ಎಂಬ ಫಾಂಟ್ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ, ಸೈಬರ್ ಅಂಗಡಿಗಳಿಗೆ ಅದು ತಲುಪಲು ಇನ್ನೂ ಕಾಲ ಹಿಡಿಯಿತು. ಅಲ್ಲಿಯವರೆಗೆ ಯೂರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ತುಂಡುಗಳನ್ನು ಚಿತ್ರದಂತೆ ಕೂರಿಸಿದ ಫಾಂಟುಗಳೇ ಗತಿ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ. ಇಲ್ಲದಲ್ಲಿ ಚುಕ್ಕೆ, ಟೊಪ್ಪಿ. ಪತ್ರ ಹಾಳಾಗಿರಲಿಲ್ಲ. ಪತ್ರವನ್ನು ತಂದಿದ್ದೆವು, ಅದನ್ನು ಓದಿಸುವ ಫಾಂಟನ್ನು ತಂದಿರಲಿಲ್ಲ.

ರಾತ್ರಿ ಮನೆಗೆ ಬಂದು ಹಳೇ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ಬಿಆರ್‌ಎಚ್ ಕನ್ನಡ ಎಂಬ ಫಾಂಟನ್ನು ತಂದು ಹೊಸದಕ್ಕೆ ಹಾಕಿದೆವು. ಥಂಡರ್‌ಬರ್ಡ್ ಮುಚ್ಚಿ ತೆರೆದಾಗ, "ಚಿರಂಜೀವಿಗಳಿಗೆ ಆಶೀರ್ವಾದಗಳು" ಎಂಬ ಸಾಲು ಕಣ್ಣ ಮುಂದೆ ನಿಂತಿತು. ಅಪ್ಪ ಪ್ರತಿ ಪತ್ರವನ್ನೂ ಹಾಗೆಯೇ ಶುರು ಮಾಡುತ್ತಿದ್ದದ್ದು. ಅಕ್ಕನನ್ನು ಕರೆದೆವು. ಆ ರಾತ್ರಿ ಬಾವಿಯನ್ನು ಯಾರೂ ಹುಡುಕಲಿಲ್ಲ. ಅಮ್ಮನ ಮಂಡಿನೋವು, ದನ ಕರು ಹಾಕಿದ್ದು, ಮಳೆಗೆ ಹಂಚು ಹಾರಿದ್ದು, ನಾಗರಪಂಚಮಿಗೆ ಯಾರು ಯಾರು ಬಂದರು, ಇದನ್ನೇ ಒಂದು ಗಂಟೆಯವರೆಗೆ ಓದಿದೆವು.

ಬಾವಿಯ ಪತ್ರ ಸಿಕ್ಕಿದ್ದು ಮರುದಿನ. 2004ರ ಮೇ ತಿಂಗಳದ್ದು. ಅಪ್ಪನ ಲೆಕ್ಕ ಅಪ್ಪನ ಹಾಗೆಯೇ ಇತ್ತು, ಒಂದು ಅಕ್ಷರ ಹೆಚ್ಚಿಲ್ಲ. ಬಾವಿ ತೋಡಿಸಿ, ಕೆಂಪು ಕಲ್ಲು ಕಟ್ಟಿಸಿ, ಪಂಪಿನ ಕೋಣೆ ಮಾಡಿಸಲು ಒಟ್ಟು ಖರ್ಚು 1,18,000 ರೂಪಾಯಿ. ಅಮೆರಿಕದಿಂದ ಬಂದದ್ದು 45,000. ಮಸ್ಕತ್ತಿನಿಂದ ಬಂದದ್ದು 40,000. ಭಾವ ಗಂಟಲು ಸರಿಮಾಡಿಕೊಂಡರು. ನಾವು ಅಕ್ಕನ ಮುಖ ನೋಡಲಿಲ್ಲ. ಇಬ್ಬರದ್ದೂ ಅರ್ಧ ಸತ್ಯ.

ಆದರೆ ಕೂಡಿಸಿದರೆ 85,000 ಮಾತ್ರ. ಕೊನೆಯಲ್ಲಿ ಒಂದು ಸಾಲು: ಬಾಕಿ 33,000 ಚಿಕ್ಕವನು ಸೊಸೈಟಿಯಿಂದ ಸಾಲ ಎತ್ತಿದ್ದಾನೆ, ನೀವು ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮುಂದಿನ ಪತ್ರಗಳಲ್ಲಿ ಹುಡುಕಿದೆವು. ತಿಂಗಳು ತಿಂಗಳು ಕೆಳಗಡೆ ಒಂದು ಸಣ್ಣ ಸಾಲು, ಸೊಸೈಟಿ ಕಂತು ಕಟ್ಟಿದೆ. ನಾಲ್ಕು ವರ್ಷದವರೆಗೆ. ಆ ಸಾಲನ್ನು ನಾವೂ ಓದಿರಬೇಕು, ಅಕ್ಕನೂ ಓದಿರಬೇಕು. ಕಂತು ಕಟ್ಟುವುದು ಯಾರು ಎಂದು ಇಬ್ಬರೂ ಕೇಳಲಿಲ್ಲ. ಇನ್ನೊಂದು ಸಂಗತಿ, ಆ ಸಾಲನ್ನು ಟೈಪ್ ಮಾಡಿದವನು ತಮ್ಮನೇ. ತನ್ನ ಸಾಲದ ವಿಷಯವನ್ನು ತಾನೇ, ಅಪ್ಪ ಬರೆದಷ್ಟೇ ಬರೆದು, ಮೇಲೊಂದು ಮಾತು ಸೇರಿಸದೆ ಕಳಿಸಿದ್ದ. ಪತ್ರಗಳ ಕೊನೆಯಲ್ಲಿ ಅವನದ್ದೊಂದು ಸಾಲು ಇರುತ್ತಿತ್ತು: ಅಪ್ಪ ಹೇಳಿದ್ದನ್ನು ಬರೆದಿದ್ದೇನೆ, ಅಕ್ಷರ ತಪ್ಪಿದ್ದರೆ ನನ್ನದು.

ಬೆಳಿಗ್ಗೆ ಎಂಟಕ್ಕೆ, ಊರಿನಲ್ಲಿ ಸಂಜೆ ಐದೂವರೆ, ಅಕ್ಕ ಅವನಿಗೆ ವಾಟ್ಸಾಪಿನಲ್ಲಿ ಫೋನ್ ಮಾಡಿದಳು. "ಸೊಸೈಟಿಯ ಸಾಲ ಎತ್ತಿದ್ದನ್ನು ಯಾಕೆ ಹೇಳಲಿಲ್ಲ ನೀನು?" ಎಂದು ಜೋರು ಮಾಡಿದಳು. "ಹೇಳಿದ್ದೆನಲ್ಲ ಅಕ್ಕಾ, ಪತ್ರದಲ್ಲಿ ಇತ್ತು" ಎಂದ. "ಅದು ತೀರಿ ಎಷ್ಟು ವರ್ಷ ಆಯ್ತು. ಈಗ ಯಾಕೆ ಅದು?" ಎಂದೂ ಕೇಳಿದ. ಅಕ್ಕ ಫೋನನ್ನು ನಮ್ಮ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಪಾಲುಪಟ್ಟಿಯ ಕಾಗದ ಮಾಡಿಸು, ಮನೆ ಬಾವಿ ನಿನ್ನ ಕಡೆಗೇ ಇರಲಿ, ಮುಂದಿನ ರಜೆಯಲ್ಲಿ ಬಂದು ಸಹಿ ಹಾಕುತ್ತೇನೆ ಎಂದು ನಾವು ಹೇಳಿದೆವು. ಅಕ್ಕ ಒಳಗಿನಿಂದಲೇ, "ನನ್ನದೂ" ಎಂದು ಕೂಗಿದಳು.

ಇಷ್ಟಾದ ಮೇಲೆ ಆ ಪತ್ರಗಳನ್ನು ಹಳೇ ಫಾಂಟಿನ ಹಂಗಿನಲ್ಲಿ ಬಿಡುವುದು ಸರಿಯಲ್ಲ ಎನಿಸಿತು. ಫಾಂಟ್ ಹಾಕಿದ ಆ ಒಂದು ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತದೆ, ಫೋನಿನಲ್ಲಿ ಕಾಣುವುದಿಲ್ಲ. ಹಳೇ ಅಕ್ಷರವನ್ನು ಯೂನಿಕೋಡಿಗೆ ತಿರುಗಿಸುವ ಸೌಲಭ್ಯ ಬರಹದಲ್ಲೇ ಉಂಟು, ಸಂಚಯ ತಂಡದವರ ಜಾಲತಾಣದಲ್ಲೂ ಉಚಿತವಾಗಿ ಸಿಗುತ್ತದೆ. ಪತ್ರ ನಕಲು ಮಾಡಿ ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಎಲ್ಲ ಕಡೆಯೂ ಕಾಣುವ ಕನ್ನಡ ಬರುತ್ತದೆ. ಒತ್ತು ಅಕ್ಷರ ಕೆಲವು ಕಡೆ ತಪ್ಪುತ್ತದೆ, ಒಮ್ಮೆ ಓದಿ ತಿದ್ದಬೇಕು. ಭಾವ ದಿನಕ್ಕೆ ಹತ್ತರಂತೆ ಮಾಡುತ್ತಿದ್ದಾರೆ. ಅವರ ಮಗನಿಗೆ ಕನ್ನಡ ಮಾತು ಬರುತ್ತದೆ, ಓದಲು ಬಾರದು. ಯೂನಿಕೋಡಿಗೆ ತಂದ ಪತ್ರವನ್ನು ಅವನ ಫೋನ್ ಗಟ್ಟಿಯಾಗಿ ಓದಿ ಹೇಳಿತು. ಹಸು ಕರು ಹಾಕಿದ ಪತ್ರವನ್ನು ಅವನು ಎರಡು ಸಲ ಕೇಳಿದ.

ಇನ್ನು ನಮ್ಮ ಗಲ್ಫಿನವರಿಗೆ ನಾಲ್ಕು ಮಾತು, ಮದ್ದಿನ ಚೀಟಿಯ ಲೆಕ್ಕದಲ್ಲಿ.

ಒಂದು, ಕಂಪನಿಯ ಇ-ಮೇಲ್ ನಿಮ್ಮದಲ್ಲ. ಕೆಲಸ ಬಿಟ್ಟ ದಿನವೇ ಅದು ಮುಚ್ಚಬಹುದು. ನೇಮಕದ ಪತ್ರ, ಸಂಬಳದ ಚೀಟಿ, ಅನುಭವ ಪತ್ರ ಇವುಗಳ ಪ್ರತಿಯನ್ನು ಕೇಳಿ ಪಡೆದು ಸ್ವಂತ ವಿಳಾಸದಲ್ಲಿ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಇರುವವರಿಗೆ ಡೇಟಾಫ್ಲೋ ಪರಿಶೀಲನೆಗೆ ಇವೆಲ್ಲ ಮತ್ತೆ ಮತ್ತೆ ಬೇಕು. ಆದರೆ ರೋಗಿಗಳ ವಿವರ, ಕಂಪನಿಯ ವ್ಯವಹಾರದ ಪತ್ರ ಒಂದನ್ನೂ ಒಯ್ಯಬೇಡಿ. ಅದು ನಮ್ಮ ಸ್ಟಾಕ್ ಅಲ್ಲ.

ಎರಡು, ಗಲ್ಫಿನ ಮೊಬೈಲ್ ನಂಬರ್. ಎಕ್ಸಿಟ್ ಹೊಡೆದು ಊರಿಗೆ ಹೋದ ಮೇಲೆ ಸಿಮ್ ಸಾಯುತ್ತದೆ. ನಿಮ್ಮ ಇ-ಮೇಲ್‌ನ ಓಟಿಪಿ ಆ ನಂಬರಿಗೇ ಹೋಗುತ್ತಿದ್ದರೆ, ಹೊಸ ಫೋನಿನಲ್ಲಿ ಪಾಸ್‌ವರ್ಡ್ ಗೊತ್ತಿದ್ದೂ ಬಾಗಿಲು ತೆರೆಯುವುದಿಲ್ಲ. ಹೊರಡುವ ಮೊದಲು ಊರಿನ ನಂಬರನ್ನೂ ಸೇರಿಸಿ. ಗೂಗಲ್ ಕೊಡುವ ತುರ್ತು ಕೋಡುಗಳನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮವೂ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಹಳೇ ಖಾತೆ ಇದ್ದರೆ ಆಗಾಗ ತೆರೆದು ನೋಡಿ.

ಮೂರು, ಹೊಸ ಕಂಪ್ಯೂಟರಿನಲ್ಲಿ ಜಿಮೇಲನ್ನು ಬೇರೆ ತಂತ್ರಾಂಶಕ್ಕೆ ಸೇರಿಸುವಾಗ ಹಳೇ ಸೆಟ್ಟಿಂಗ್ ನಕಲು ಮಾಡಲು ಹೆಣಗಬೇಡಿ. 2022ರ ಮೇ 30ರಿಂದ ಬರೀ ಪಾಸ್‌ವರ್ಡ್ ಕೇಳುವ ಹಳೇ ಕ್ರಮವನ್ನು ಗೂಗಲ್ ನಿಲ್ಲಿಸುತ್ತಾ ಬಂದಿದೆ. ಹೊಸ ಥಂಡರ್‌ಬರ್ಡಿನಲ್ಲಿ ವಿಳಾಸ ಕೊಟ್ಟರೆ ಗೂಗಲ್‌ನ ಕಿಟಕಿ ತಾನೇ ತೆರೆಯುತ್ತದೆ, ಅಲ್ಲಿ ಒಪ್ಪಿಗೆ ಕೊಟ್ಟರೆ ಆಯಿತು. ಬೇರೆ ಕಂಪನಿಯದಾದರೆ ಐಮ್ಯಾಪಿಗೆ 993, ಪಾಪ್‌ಗೆ 995, ಕಳಿಸಲು 587 ಅಥವಾ 465 ಎಂಬ ಪೋರ್ಟ್ ನಂಬರುಗಳು ಸಾಮಾನ್ಯ. ಥಂಡರ್‌ಬರ್ಡಿನಿಂದ ಥಂಡರ್‌ಬರ್ಡಿಗೆ ಹೋಗುವುದಾದರೆ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ಒಯ್ದರೆ ಸೆಟ್ಟಿಂಗು, ವಿಳಾಸ ಪುಸ್ತಕ, ಪತ್ರ ಎಲ್ಲ ಒಟ್ಟಿಗೆ ಬರುತ್ತವೆ.

ನಾಲ್ಕು, ಎಣಿಸಿ. ಹಳೆಯದರಲ್ಲಿ ಎಷ್ಟು, ಹೊಸದರಲ್ಲಿ ಎಷ್ಟು. ಎಣಿಸಿದ ಮೇಲೆ ನಾಲ್ಕಾರು ಪತ್ರ ತೆರೆದು ಓದಿ, ಅದರಲ್ಲೂ ಕನ್ನಡದವನ್ನು. ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಡಿ. ಆಮೇಲೆ ಮಾತ್ರ ಹಳೆಯದಕ್ಕೆ ವಿದಾಯ.

ಭಾವನ ಹಳೇ ಕಂಪ್ಯೂಟರ್ ಇನ್ನೂ ನೆಲಮಾಳಿಗೆಯಲ್ಲೇ ಇದೆಯಂತೆ. 212 ಪತ್ರವನ್ನೂ ಯೂನಿಕೋಡಿಗೆ ತಂದು ಮುಗಿಯುವವರೆಗೆ ಯಾರೂ ಮುಟ್ಟಬಾರದು ಎಂದು ಅಕ್ಕ ಅದರ ಮೇಲೆ ಚೀಟಿ ಅಂಟಿಸಿದ್ದಾಳೆ. ನಾವು ಮಸ್ಕತ್ತಿಗೆ ವಾಪಸು ಬಂದ ಮೇಲೆ ತಿಂಗಳ ದುಡ್ಡು ಊರಿಗೆ ಕಳಿಸಿದಾಗ ತಮ್ಮ ಎಂದಿನಂತೆ ವಾಟ್ಸಾಪಿನಲ್ಲಿ "ಬಂತು" ಎಂದು ಒಂದೇ ಪದ ಹಾಕಿದ. ಈ ಸಲ ನಾವು ಅಷ್ಟಕ್ಕೆ ಬಿಡಲಿಲ್ಲ. "ನಿನ್ನ ಕೈಯಿಂದ ಎಷ್ಟು ಹೋಯಿತು ಎಂಬುದನ್ನೂ ಬರೆ" ಎಂದು ಕೇಳಿದೆವು. ಎರಡು ದಿನ ಬಿಟ್ಟು ಉತ್ತರ ಬಂತು, ಉದ್ದದ ಪಟ್ಟಿ. ಅದನ್ನು ಎಣಿಸಿ, ಎರಡು ಕಡೆ ಇಟ್ಟಿದ್ದೇವೆ.

ಮುಂದಿನ ವರ್ಷ ಮತ್ತೆ ಭೇಟಿಯಾಗೋಣ. ಆರೋಗ್ಯ ನೋಡಿಕೊಳ್ಳಿ.